ಆರು ಸಾಲು

ಮಾರ್ಚ್ ಬಂದರೂ ಕಯಾನಿಗೆ ಬಿಳಿಯೇ ಮೈಬಣ್ಣ.
ಬೆಳಗಿನ ಜಾವ ಮೂರಕ್ಕೆ ಹಿಮ ಗೋರುವ ಗಾಡಿ ಹತ್ತುತ್ತೇನೆ.
ರೈಲ್ವೆ ಸ್ಟೇಷನ್ನಿಂದ ಆಸ್ಪತ್ರೆ, ಆಸ್ಪತ್ರೆಯಿಂದ ಶಾಲೆ,
ಶಾಲೆಯಿಂದ ಹೊಳೆಯ ಸೇತುವೆ,
ಮತ್ತೆ ಅದೇ ದಾರಿಯಲ್ಲಿ ವಾಪಸು.
ಸೈಮಿ ಕಣ್ಣುಜ್ಜಿ ಏಳುವಷ್ಟರಲ್ಲಿ
ಅವಳ ಬಸ್ಸಿಗೆ ರಸ್ತೆ ತಯಾರು.
ಹದಿಮೂರು ವರ್ಷ ಹೀಗೆಯೇ ನಡೆದಿದೆ.
ರಸ್ತೆಗಳು ಕರ್ರಗೇ ಹುಟ್ಟುತ್ತವೆಂದು
ಅವಳು ತಿಳಿದಿರಬೇಕು.

ಈಗ ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪು,
ಅದರಲ್ಲಿ ಅರ್ಜಿ, ಅರ್ಜಿಯಲ್ಲಿ ಆರು ಸಾಲು.
ಆರು ಆಯ್ಕೆ, ಆಸೆಯ ಕ್ರಮದಲ್ಲಿ.
ಕಡೆಯ ದಿನ ಮಧ್ಯಾಹ್ನ ಮೂರು ಹೊಡೆದರೆ
ಮೇಲಿನದು ಕೆಳಗಿಳಿಯದು, ಕೆಳಗಿನದು ಮೇಲೇರದು.
ಮೊದಲ ಸಾಲಿಗೆ ಔಲು, ಗಣಿತ. ಅಳಿಸಿದಳು.
ಟಾಂಪೆರೆ, ಕಂಪ್ಯೂಟರ್ ವಿಜ್ಞಾನ. ಅಳಿಸಿದಳು.
ಇದೇ ಊರಿನ ಕಾಲೇಜು, ಗೇಮ್ ವಿಭಾಗ.
ಇದನ್ನು ಅಳಿಸಲಿಲ್ಲ, ಇಡಲೂ ಇಲ್ಲ.
ಕರ್ಸರು ಮಿಟುಕುತ್ತಲೇ ಇತ್ತು, ಕಾಯುವ ಟ್ಯಾಕ್ಸಿಯ ಹಾಗೆ.

ಶಾಲೆಯ ಸಲಹೆಗಾರ ಪೆಕ್ಕರಿನೆನ್ ಒಳ್ಳೆಯವನು,
ಟೈ ಮೇಲೆ ಸಾಸಿವೆ ಕಲೆ.
'ಲೆಕ್ಕ ಕಲಿತವರು ಎಲ್ಲಿ ಹೋದರೂ ಲೆಕ್ಕಕ್ಕೆ ಬರ್ತಾರೆ ಮಗು.
ಆಟಕ್ಕುಂಟು ಲೆಕ್ಕಕ್ಕಿಲ್ಲ ಅಂತಾಗಬೇಡ.'
ಹೇಳಿ, ತನ್ನ ಮಾತಿಗೆ ತಾನೇ ನಕ್ಕನಂತೆ.

ತೂಕ್ಕ ನಗಲಿಲ್ಲ. ನನ್ನ ಅಕ್ಕನ ಮಗ,
ಹೆಲ್ಸಿಂಕಿಯ ಸ್ಟುಡಿಯೊದಲ್ಲಿ ಹದಿನೆಂಟು ತಿಂಗಳು
ಕಲ್ಲು ಬರೆದವನು. ಬರೀ ಕಲ್ಲು.
ಪಾಚಿಯ ಕಲ್ಲು, ಒಡಕು ಕಲ್ಲು, ಮಂಜಿನಲ್ಲಿ ಅರ್ಧ ಹೂತ ಕಲ್ಲು.
ಆಡುವವರು ಅವನ್ನು ತುಳಿದು ಓಡಿದರು.
ಶರತ್ಕಾಲದಲ್ಲಿ ಅರ್ಧ ಕಚೇರಿಯನ್ನು ಮನೆಗೆ ಕಳಿಸಿದರು.
'ಚಿತ್ರ ಕಲಿ, ಇಲ್ಲ ಕೋಡು ಕಲಿ.
ಗೇಮ್ ಅಂತ ಯಾಕೆ ಕಲೀತೀ?'
ಫೋನಿಡುವ ಮುಂಚೆ ತುಸು ತಡೆದು,
'ಆದರೂ ಒಂದೊಂದು ಕಲ್ಲಿನ ಗುರುತೂ ಇದೆ ನನಗೆ' ಅಂದ.

ಆ ರಾತ್ರಿ, ಕೇಳದೆಯೇ, ಅವಳು ಪರದೆಯನ್ನು ನನ್ನತ್ತ ತಿರುಗಿಸಿದಳು.
ಕಿತ್ತಳೆ ಬಣ್ಣದ ಪುಟ್ಟ ಗಾಡಿ. ಹೆಸರಿಲ್ಲದ ಊರು. ಹಿಮ.
ಬೂಟನ್ನೂ ಬಿಚ್ಚದೆ ಬಾಣದ ಗುಂಡಿ ಒತ್ತಿದೆ.
ಎರಡು ಸಲ ಹೊಳೆಗೆ ಬಿದ್ದೆ.
ಮೂರನೆಯ ಸಲ ಸೇತುವೆ ದಾಟಿ ಹಿಂತಿರುಗಿ ನೋಡಿದರೆ
ಗೋರಿದ ದಾರಿಯೆಲ್ಲ ಮತ್ತೆ ಬೆಳ್ಳಗೆ.

'ಅದು ಬಗ್ ಅಮ್ಮ. ತಿರುಗಿದ ತಕ್ಷಣ ತುಂಬಿಬಿಡುತ್ತೆ.
ಎರಡು ತಿಂಗಳಿಂದ ತಿಣುಕ್ತಿದೀನಿ.'
'ಇಡೀ ಆಟದಲ್ಲಿ ಸರಿಯಾಗಿರೋದು ಅದೊಂದೇ' ಅಂದೆ.
'ಬ್ಲೇಡು ತಪ್ಪು. ಮ್ಯಾನ್‌ಹೋಲಿನ ಮುಂದೆ ಎರಡು ಬೆರಳು ಎತ್ತಬೇಕು,
ಇಲ್ಲದಿದ್ದರೆ ಕಿಡಿ ಹಾರಿ ಬೆನ್ನೆಲುಬು ನಡುಗುತ್ತೆ.'
ಅವಳು ಪೆನ್ಸಿಲು ಹುಡುಕಿದಳು.
ಹಾಲಿನ ಡಬ್ಬಿಯ ಮೇಲೆ ಬರೆದುಕೊಂಡಳು: ಎರಡು ಬೆರಳು.

ಗಾಡಿಯ ಕಿಟಕಿಯೊಳಗೊಂದು ಕೆಂಪು ಚುಕ್ಕೆ,
ಸಾಸಿವೆ ಕಾಳಿಗಿಂತ ಸಣ್ಣದು.
'ಇದೇನು?'
'ನಿನ್ನ ಫ್ಲಾಸ್ಕು.'

ಕತ್ತಲಲ್ಲಿ, ಮೇಲಿನ ಕಿಟಕಿಯಿಂದ,
ಯಾವ ವಯಸ್ಸಿನಿಂದ ನೋಡುತ್ತಿದ್ದಳೋ. ನಾನು ಕೇಳಲಿಲ್ಲ.

ಕಡೆಯ ದಿನ ಬಿರುಗಾಳಿ. ನನಗೆ ಡಬಲ್ ಪಾಳಿ.
ಎರಡೂ ಮುಕ್ಕಾಲು. ಮೂರಕ್ಕೆ ಐದು.
ಮೂರು.
ಮೊದಲ ಸಾಲಲ್ಲಿ ಏನಿಟ್ಟಳೋ.
ಆಸ್ಪತ್ರೆಯ ತಿರುವಿನಲ್ಲಿ ಫೋನು ಗುರ್ರೆಂದಿತು:
'ಬ್ಲೇಡು ಎತ್ತುವಾಗಿನ ಸದ್ದು ಬೇಕು, ರೆಕಾರ್ಡ್ ಮಾಡ್ತೀಯಾ?
ನೀನು ಮಾತಾಡಬೇಡ.'

ಗಾಜು ಇಳಿಸಿದೆ. ಹಿಮ ಮಡಿಲಿಗೆ ನುಗ್ಗಿತು.
ಫೋನನ್ನು ಹೊರಗೆ ಚಾಚಿ,
ಉಸಿರು ಬಿಗಿಹಿಡಿದು,
ಎರಡು ಬೆರಳಷ್ಟು ಎತ್ತಿದೆ.